ಕೇಡಿನ ತೂಕ: ಇಬ್ಬರು ದುಷ್ಟರಲ್ಲಿ ಯಾರು ಹೆಚ್ಚು ಎಂದು ಹೇಳಲು ಯಾವ ಅಳತೆ ನಿಲ್ಲುತ್ತದೆ?

(ಆರು ಮಂದಿಯ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಮಾತಾಡಿದವರ ಅಡ್ಡಹೆಸರು.)

ತಕ್ಕಡಿ

ಇತಿಹಾಸದ ಕ್ರೂರಿಗಳ ಮಾತು ಬಂದಾಗಲೆಲ್ಲ ವಾದ ಎರಡೇ ದಾರಿ ಹಿಡಿಯುತ್ತದೆ. ಕೆಲವರು ಹೆಣ ಎಣಿಸುತ್ತಾರೆ, ಕೆಲವರು ಕ್ರೌರ್ಯದ ವಿವರ ಬಿಚ್ಚುತ್ತಾರೆ. ಎಣಿಕೆಯವರ ಲೆಕ್ಕದಲ್ಲಿ, ಹತ್ತು ಜನರನ್ನು ಹಿಂಸಿಸಿ ಕೊಂದವನು ಒಂದೇ ಸಹಿಯಲ್ಲಿ ಲಕ್ಷ ಜನರನ್ನು ಸಾವಿಗೆ ದೂಡಿದ ಅಧಿಕಾರಿಯ ಮುಂದೆ ತೀರ ಸಣ್ಣವನು. ವಿವರದವರ ಲೆಕ್ಕದಲ್ಲಿ ಸಹಿ ಹಾಕಿದವನಲ್ಲಿ ಇನ್ನೂ ಮನುಷ್ಯತ್ವ ಉಳಿದಿದೆ, ಹಿಂಸಿಸಿದವನಲ್ಲಿ ಇಲ್ಲ. ಎರಡೂ ಅರ್ಧ ದಾರಿಯಲ್ಲೇ ನಿಲ್ಲುತ್ತವೆ. "ಕೇಡು ಎಂದರೆ ಕೇಡು, ಹೋಲಿಸಬಾರದು" ಎನ್ನುವವರೂ ಇದ್ದಾರೆ. ಅದನ್ನಂತೂ ಒಪ್ಪಲಾರೆ. ಹೋಲಿಸದಿದ್ದರೆ ಶಿಕ್ಷೆಯಲ್ಲಿ, ಕ್ಷಮೆಯಲ್ಲಿ, ನೆನಪಿನಲ್ಲಿ ಯಾವ ನ್ಯಾಯವೂ ಉಳಿಯುವುದಿಲ್ಲ.

ನನಗೆ ಬೇಕಿರುವುದು ಕೆಲಸಕ್ಕೆ ಬರುವ ವಿಧಾನ. ಯಾವ ಅಂಶಗಳನ್ನು, ಯಾವ ಕ್ರಮದಲ್ಲಿ ನೋಡಬೇಕು? ಪ್ರತಿ ಅಂಶಕ್ಕೂ ಸಾಕ್ಷ್ಯ ಎಂದರೆ ಏನು? ಜನ ಸಾಮಾನ್ಯವಾಗಿ ಎಡವುವುದೆಲ್ಲಿ? ಮನೋವೈದ್ಯರು ಮಾಡಿಟ್ಟ ಮಾಪಕಗಳು ಇವೆಯಲ್ಲ, ಅವುಗಳಿಂದ ಉಪಯೋಗವಿದೆಯೇ?

ಕಟಕಟೆ

ಮೊದಲು ಕೃತ್ಯವನ್ನೂ ವ್ಯಕ್ತಿಯನ್ನೂ ಬೇರೆ ಮಾಡಿ. "ಇವನು ಎಷ್ಟು ಕೆಟ್ಟವನು" ಎಂಬುದು ಕೊನೆಯ ಪ್ರಶ್ನೆ. ಅದರಿಂದಲೇ ಶುರು ಮಾಡಿದರೆ ಅವನ ಮುಖ, ಪಕ್ಷ, ದೇಶ ನಮ್ಮ ಉತ್ತರವನ್ನು ಮೊದಲೇ ಬರೆದುಬಿಡುತ್ತವೆ. ಒಂದು ನಿರ್ದಿಷ್ಟ ಕೃತ್ಯ ತೆಗೆದುಕೊಳ್ಳಿ: ಯಾವ ದಿನ, ಯಾವ ಆದೇಶ, ಯಾರ ಮೇಲೆ.

ಆಮೇಲೆ ಮನಃಸ್ಥಿತಿ. 1962ರಲ್ಲಿ ಅಮೆರಿಕದ ಕಾನೂನು ಸಂಸ್ಥೆ ರೂಪಿಸಿದ ಮಾದರಿ ದಂಡಸಂಹಿತೆ ಇದನ್ನು ನಾಲ್ಕು ಹಂತಕ್ಕೆ ಇಳಿಸಿತು, ಅದಕ್ಕಿಂತ ಸ್ವಚ್ಛವಾದ ವಿಂಗಡಣೆ ಸಿಗುವುದು ಕಷ್ಟ. ಒಂದು ಮನೆಗೆ ಬೆಂಕಿ ಬಿತ್ತು, ಒಳಗಿದ್ದವನು ಸತ್ತ ಎಂದುಕೊಳ್ಳಿ. ಅವನು ಸಾಯಲೆಂದೇ ಬೆಂಕಿ ಇಟ್ಟರೆ ಅದು ಉದ್ದೇಶ. ವಿಮೆಯ ಹಣಕ್ಕಾಗಿ ಇಟ್ಟದ್ದು, ಆದರೆ ಒಳಗೆ ಒಬ್ಬ ಮಲಗಿದ್ದಾನೆಂದು ಖಚಿತವಾಗಿ ಗೊತ್ತಿತ್ತು ಎಂದಾದರೆ ಅರಿವು. ಯಾರಾದರೂ ಇರಬಹುದು ಎಂಬ ಅನುಮಾನ ಬಂದೂ ನೋಡದೆ ಇಟ್ಟರೆ ಲೆಕ್ಕಿಸದಿರುವುದು. ಆ ಯೋಚನೆಯೇ ಹೊಳೆಯಲಿಲ್ಲ, ಆದರೆ ಸಾಮಾನ್ಯ ಎಚ್ಚರ ಇದ್ದವರಿಗೆ ಹೊಳೆಯುತ್ತಿತ್ತು ಎಂದಾದರೆ ನಿರ್ಲಕ್ಷ್ಯ. ನಾಲ್ಕರಲ್ಲೂ ಸತ್ತವನು ಒಬ್ಬನೇ, ಕೇಡು ಒಂದೇ ಅಲ್ಲ.

ಮನಸ್ಸಿನೊಳಗೆ ಇಣುಕುವುದು ಹೇಗೆ ಎಂದು ಕೇಳುವವರಿಗೆ: ಅರಿವಿಗೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಮುಚ್ಚಿಡುವಿಕೆ. ನಾಜಿ ಕಡತಗಳಲ್ಲಿ ಕೊಲೆಗೆ "ವಿಶೇಷ ಉಪಚಾರ" ಎಂಬ ಹೆಸರಿತ್ತು. 1942ರಿಂದ ಗುಂಪುಗೋರಿಗಳನ್ನು ಅಗೆಸಿ ಹೆಣಗಳನ್ನು ಸುಡಿಸಲು ಪ್ರತ್ಯೇಕ ತಂಡವನ್ನೇ ಕಟ್ಟಿದರು. ತಾನು ಮಾಡುತ್ತಿರುವುದು ಸರಿ ಎಂದು ಪ್ರಾಮಾಣಿಕವಾಗಿ ನಂಬಿದವನಿಗೆ ಹೆಣ ಸುಡುವ ಅವಸರ ಏಕೆ? ಸುತ್ತುಮಾತು, ನಾಶವಾದ ಕಡತ, ಬರಹದಲ್ಲಿ ಇಲ್ಲದ ಬಾಯಿಮಾತಿನ ಆದೇಶ: ಈ ಮೂರನ್ನು ಮೊದಲು ಹುಡುಕಿ.

ಪ್ರೇರಣೆಯನ್ನೂ ಉದ್ದೇಶವನ್ನೂ ಮಾತ್ರ ಬೆರೆಸಬೇಡಿ. ದುಡ್ಡು, ಸೇಡು, ಆದರ್ಶ ಇವೆಲ್ಲ ಪ್ರೇರಣೆಗಳು. "ನಾಡಿನ ಒಳಿತಿಗಾಗಿ ಕೊಂದೆ" ಎಂದರೂ ಕೊಲ್ಲುವ ಉದ್ದೇಶ ಅಷ್ಟೇ ಪೂರ್ಣವಾಗಿರುತ್ತದೆ.

ಮನೋಲಿಪಿ

ಮಾಪಕಗಳ ಪ್ರಶ್ನೆಗೆ. ಹೆಚ್ಚು ಪ್ರಸಿದ್ಧವಾದದ್ದು ಅಮೆರಿಕದ ಮನೋವೈದ್ಯ ಮೈಕೆಲ್ ಸ್ಟೋನ್ ಅವರ 22 ಮೆಟ್ಟಿಲ ಪಟ್ಟಿ. ಮೊದಲ ಮೆಟ್ಟಿಲಲ್ಲಿ ಆತ್ಮರಕ್ಷಣೆಗೆ ಕೊಂದವರು, 22ರಲ್ಲಿ ಚಿತ್ರಹಿಂಸೆಯೇ ಮುಖ್ಯ ಗುರಿಯಾದ ಸೈಕೋಪತಿ ಕೊಲೆಗಾರರು, ಅಂದರೆ ಪರರ ನೋವಿಗೆ ಮಿಡಿಯದ, ಪಶ್ಚಾತ್ತಾಪವಿಲ್ಲದ ವ್ಯಕ್ತಿತ್ವದವರು. ಶಾಂತಿಕಾಲದ ಕೊಲೆಗಾರರನ್ನು ವಿಂಗಡಿಸಲು ಮಾಡಿದ್ದು ಅದು. ಯುದ್ಧ, ಆಡಳಿತ, ಕ್ಷಾಮ ಅದರ ವ್ಯಾಪ್ತಿಯಲ್ಲಿಲ್ಲ. ಸರ್ವಾಧಿಕಾರಿಯೊಬ್ಬನನ್ನು ಅದರಲ್ಲಿ ಕೂರಿಸಲು ಹೋದರೆ ಯಾವ ಮೆಟ್ಟಿಲೂ ಹೊಂದುವುದಿಲ್ಲ. ಇನ್ನೊಂದು ದೋಷ ರಚನೆಯಲ್ಲೇ ಇದೆ. ಪ್ರೇರಣೆ, ವ್ಯಕ್ತಿತ್ವ, ವಿಧಾನ, ಎಣಿಕೆ ನಾಲ್ಕನ್ನೂ ಒಂದೇ ಏಣಿಗೆ ಹೊಲಿದಿರುವುದರಿಂದ, ಒಬ್ಬ ಮೇಲೇರಿದ್ದು ಯಾವುದರಿಂದ ಎಂದು ಅಂಕಿ ನೋಡಿ ಹೇಳಲಾಗುವುದಿಲ್ಲ.

ರಾಬರ್ಟ್ ಹೇರ್ ಅವರ ಸೈಕೋಪತಿ ಪಟ್ಟಿ ಬೇರೆ ಜಾತಿಯದು. 20 ಅಂಶ, ಪ್ರತಿಯೊಂದಕ್ಕೂ 0, 1 ಅಥವಾ 2, ಒಟ್ಟು 40. ಉತ್ತರ ಅಮೆರಿಕದಲ್ಲಿ 30 ಮುಟ್ಟಿದರೆ ಸೈಕೋಪತಿ ಎನ್ನುವ ರೂಢಿ, ಯುರೋಪಿನಲ್ಲಿ ಹಲವೆಡೆ 25. ತರಬೇತಾದವರು ಮುಖಾಮುಖಿ ಸಂದರ್ಶನ ಮಾಡಿ, ಹಳೆಯ ದಾಖಲೆಗಳೊಂದಿಗೆ ತಾಳೆ ನೋಡಿ ತುಂಬಬೇಕಾದ ಪಟ್ಟಿ ಇದು. ಸತ್ತ ನಾಯಕರ ಜೀವನಚರಿತ್ರೆ ಓದಿ ಅಂಕ ಹಾಕಿದ್ದಕ್ಕೆ ಬೆಲೆ ಇಲ್ಲ. ತರಬೇತಾದವರೂ ವಾಲುತ್ತಾರೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನೂರಕ್ಕೂ ಹೆಚ್ಚು ನ್ಯಾಯಮನೋವಿಜ್ಞಾನಿಗಳಿಗೆ ಒಂದೇ ಕಡತಗಳನ್ನು ಕೊಟ್ಟರು. ತಮ್ಮನ್ನು ನೇಮಿಸಿಕೊಂಡದ್ದು ಪ್ರಾಸಿಕ್ಯೂಷನ್ ಎಂದು ತಿಳಿದವರು ಹೆಚ್ಚು ಅಂಕ ಕೊಟ್ಟರು, ಆರೋಪಿಯ ಕಡೆ ಎಂದು ತಿಳಿದವರು ಕಡಿಮೆ.

ಈ ಪಟ್ಟಿ ಅಳೆಯುವುದು ಒಂದು ವ್ಯಕ್ತಿತ್ವವನ್ನು. 40ಕ್ಕೆ 35 ಬಂದವನು ಯಾರನ್ನೂ ಕೊಲ್ಲದೆ ಬದುಕಿ ಮುಗಿಸಬಹುದು. ನರಮೇಧದಲ್ಲಿ ಕೈಯಾಡಿಸಿದ ಬಹುಪಾಲು ಜನ ಆ ಗೆರೆಯ ಹತ್ತಿರಕ್ಕೂ ಬರುವವರಲ್ಲ, ಸಂಸಾರ ಮಾಡಿಕೊಂಡಿದ್ದ ಸಾಧಾರಣ ಮಂದಿ. ಮೈಕೆಲ್ ವೆಲ್ನರ್ ಅವರ 25 ಅಂಶಗಳ ಮಾಪಕ ಕೃತ್ಯವನ್ನು ಅಳೆಯುತ್ತದೆ: ಉದ್ದೇಶ, ಬಲಿಪಶುವಿನ ಆಯ್ಕೆ, ಮಾಡಿದ ರೀತಿ, ಆಮೇಲಿನ ಧೋರಣೆ. ಕಟಕಟೆಯವರು ಹೇಳಿದ ದಾರಿಗೆ ಅದು ಹತ್ತಿರ.

ಹಳೆಕಡತ

ಎಣಿಕೆಯನ್ನು ಪೂರ್ತಿ ಬಿಡಬೇಡಿ, ಓದುವುದನ್ನು ಕಲಿಯಿರಿ. ಅಂಕಿ ಬರೆಯುವಾಗ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆಯಬೇಕು, ಎಣಿಸಿದವರು ಯಾರೆಂದು ಪಕ್ಕದಲ್ಲೇ ಇರಬೇಕು. 1968ರ ಮಾರ್ಚ್ 16ರಂದು ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ಕೊಂದ ಹಳ್ಳಿಗರು ಅಮೆರಿಕದ ಸೇನೆಯ ಲೆಕ್ಕದಲ್ಲಿ 347, ವಿಯೆಟ್ನಾಮಿನ ಸ್ಮಾರಕದಲ್ಲಿ 504. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಆಡಳಿತ ನಡೆಸಿದ ಎಸ್-21 ಸೆರೆಮನೆಯಲ್ಲಿ ಸತ್ತವರು "ಕನಿಷ್ಠ 12,272" ಎಂದು ನ್ಯಾಯಾಲಯ ಬರೆಯಲು ಸಾಧ್ಯವಾದದ್ದು ಕೊಲ್ಲುವವರೇ ಪಟ್ಟಿ ಇಟ್ಟಿದ್ದರಿಂದ. ಕಾಂಗೋದಲ್ಲಿ 1920ರ ದಶಕದ ಮುಂಚೆ ಜನಗಣತಿಯೇ ಇರಲಿಲ್ಲ, ಹಾಗಾಗಿ ಬೆಲ್ಜಿಯಂ ರಾಜ ಎರಡನೇ ಲಿಯೊಪೋಲ್ಡನ ಆಡಳಿತದಲ್ಲಿ ಸತ್ತವರು ಒಂದು ಕೋಟಿ ಎಂಬ ಅಂದಾಜಿನ ಮೇಲೆ ಇಂದಿಗೂ ಜಗಳ. ನಿಖರವಾದ ಅಂಕಿ ಇರುವ ಕೇಡು ದೊಡ್ಡದಾಗಿಯೂ, ಅಂಕಿಯೇ ಇಲ್ಲದ ಕೇಡು ಮಸುಕಾಗಿಯೂ ಕಾಣುತ್ತದೆ. ಇದು ಮೊದಲ ಮೋಸ.

ಎರಡನೆಯದು: ನೇರ ಕೊಲೆ, ಹಸಿವು, ರೋಗ ಮೂರನ್ನೂ ಒಂದೇ ಮೊತ್ತದಲ್ಲಿ ಕೂಡುವುದು. ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ, ಏಕೆಂದರೆ ಪ್ರತಿ ಸಾಲಿನ ಹಿಂದಿನ ಮನಃಸ್ಥಿತಿ ಬೇರೆ ಇರಬಹುದು.

ಮೂರನೆಯದು ಇವೆರಡಕ್ಕಿಂತ ಮುಖ್ಯ. ಎಣಿಕೆ ಎಂದರೆ ಇಚ್ಛೆ ಮತ್ತು ಅಧಿಕಾರ ಎರಡರ ಗುಣಲಬ್ಧ. ಒಂಟಿ ಕೊಲೆಗಾರನ ಮಿತಿ ಅವನ ಎರಡು ಕೈ. ಮಂತ್ರಿಗೆ ರೈಲು, ಪೊಲೀಸು, ಕಚೇರಿ ಎಲ್ಲವೂ ಇವೆ. ಹತ್ತಕ್ಕೆ ನಿಂತವನು ಹತ್ತು ಸಾಕೆಂದು ನಿಂತನೋ, ಸಿಕ್ಕಿಬಿದ್ದದ್ದರಿಂದ ನಿಂತನೋ ಎಂದು ಕೇಳದೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದು ವ್ಯರ್ಥ.

ಮಾರುತ್ತರ

ಇಲ್ಲಿ ಒಂದು ಬಿರುಕು ಕಾಣುತ್ತಿದೆ. ಮನಃಸ್ಥಿತಿಯೇ ಮೊದಲು ಎಂದರೆ ಕ್ಷಾಮ ತಂದವರೆಲ್ಲ ಕೆಳಗಿನ ಹಂತಕ್ಕೆ ಜಾರಿಬಿಡುತ್ತಾರೆ. 1959ರಿಂದ 61ರವರೆಗಿನ ಚೀನಾದ ಕ್ಷಾಮದ ಅಂದಾಜುಗಳು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇವೆ. "ಸಾಯಲಿ ಎಂದು ಬಯಸಿರಲಿಲ್ಲ, ನೀತಿ ತಪ್ಪಿತು" ಎಂದು ಅದನ್ನು ನಿರ್ಲಕ್ಷ್ಯದ ಖಾನೆಗೆ ಹಾಕಿ, ಒಂದು ಗುಂಡು ಹಾರಿಸಿದವನನ್ನು ಅದರ ಮೇಲೆ ಕೂರಿಸುತ್ತೀರಾ?

ಹಳೆಕಡತ

ಇಲ್ಲ. ವರ್ಷಗಟ್ಟಲೆ ನಡೆಯುವ ಕೃತ್ಯಕ್ಕೆ ಒಂದೇ ಮನಃಸ್ಥಿತಿ ಇರುವುದಿಲ್ಲ. ತಿಂಗಳು ತಿಂಗಳಿಗೆ ಗೆರೆ ಎಳೆದು, ಸುದ್ದಿ ತಲುಪಿದ ದಿನ ಯಾವುದು ಎಂದು ಗುರುತಿಸಬೇಕು. 1959ರ ಜುಲೈ-ಆಗಸ್ಟ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ಲುಶಾನ್ ಸಭೆ ನಡೆಯಿತು. ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಹಳ್ಳಿಗಳ ಸ್ಥಿತಿ ಕುರಿತು ಮಾವೋಗೆ ಪತ್ರ ಬರೆದರು. ಬಂದ ಉತ್ತರ ಅವರ ಪದಚ್ಯುತಿ. ಹಿಂದೆಗೆಯಬೇಕಿದ್ದ ನೀತಿಯನ್ನು ಅದಾದ ಮೇಲೆ ಇನ್ನಷ್ಟು ಬಿಗಿ ಮಾಡಲಾಯಿತು. ಲುಶಾನ್‌ಗೆ ಮುಂಚಿನ ಸಾವುಗಳನ್ನು ಲೆಕ್ಕಿಸದಿರುವುದು ಎಂದು ಬರೆಯಬಹುದೇನೋ. ಅದರ ನಂತರದವು ಅರಿವಿನ ಖಾನೆಗೇ ಹೋಗಬೇಕು. ಎಚ್ಚರಿಕೆ ಕೊಟ್ಟವನನ್ನು ಶಿಕ್ಷಿಸಿದ ಆಡಳಿತಕ್ಕೆ "ಗೊತ್ತಿರಲಿಲ್ಲ" ಎನ್ನುವ ಹಕ್ಕಿಲ್ಲ. ಗೊತ್ತಾಗುವ ದಾರಿಯನ್ನು ಮುಚ್ಚಿದ್ದು ಅದೇ.

ಯಾವ ಆಡಳಿತದ ಕೇಡನ್ನು ತೂಗುವಾಗಲೂ ಕೇಳಬೇಕಾದವು: ಮೊದಲ ವರದಿ ಯಾವಾಗ ಮೇಲಕ್ಕೆ ಹೋಯಿತು, ವರದಿ ಕೊಟ್ಟವನಿಗೆ ಏನಾಯಿತು, ಮರುದಿನದ ಆದೇಶದಲ್ಲಿ ಏನಾದರೂ ಬದಲಾಯಿತೇ.

ಸಮ್ಯಕ್

ನೀವೆಲ್ಲ ಹುಡುಕುತ್ತಿರುವ ವಿಂಗಡಣೆಯ ಒಂದು ರೂಪ ಜೈನ ದರ್ಶನದಲ್ಲಿ ಹಿಂದೆಯೇ ಇದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕೇಡಿನ ಆಧಾರಗಳನ್ನು ಗುಣಾಕಾರದಲ್ಲಿ ಹೇಳುತ್ತದೆ. ಹಂತ ಮೂರು: ಸಂರಂಭ ಅಂದರೆ ಮಾಡಬೇಕೆಂಬ ಸಂಕಲ್ಪ, ಸಮಾರಂಭ ಅಂದರೆ ಅದಕ್ಕೆ ಬೇಕಾದುದನ್ನು ಕೂಡಿಸುವುದು, ಆರಂಭ ಅಂದರೆ ಕೈ ಹಾಕುವುದು. ಸಾಧನ ಮೂರು: ಮನಸ್ಸು, ಮಾತು, ಮೈ. ಪಾತ್ರ ಮೂರು: ಕೃತ, ಕಾರಿತ, ಅನುಮೋದಿತ, ಅಂದರೆ ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಪ್ರೇರಕ ಕಷಾಯ, ಅಂದರೆ ಮನಸ್ಸನ್ನು ಕದಡುವ ಭಾವ ನಾಲ್ಕು: ಕ್ರೋಧ, ಮಾನ (ಅಹಂಕಾರ), ಮಾಯೆ (ಮೋಸ), ಲೋಭ. ಒಟ್ಟು 108.

ಇದನ್ನು ರುವಾಂಡಾಕ್ಕೆ ಹಿಡಿದು ನೋಡಿ. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ಅಲ್ಲಿನ ನರಮೇಧದಲ್ಲಿ ಸತ್ತವರು ಎಂಟು ಲಕ್ಷದಷ್ಟು ಎಂಬುದು ವಿಶ್ವಸಂಸ್ಥೆಯ 1999ರ ತನಿಖಾ ವರದಿಯ ಅಂಕಿ. ಮಚ್ಚು ಬೀಸಿದವನದು ಮೈ, ಕೃತ, ಆರಂಭ. ಮಚ್ಚುಗಳನ್ನು ತರಿಸಿ ಹಂಚಿದವನದು ಕಾರಿತ, ಸಮಾರಂಭ. ರೇಡಿಯೊದಲ್ಲಿ ಕೂತು ಕೊಲ್ಲಿರಿ ಎಂದವನದು ಮಾತು, ಕಾರಿತ. ಪಕ್ಕದ ಮನೆಯವರು ಖಾಲಿಯಾದದ್ದಕ್ಕೆ ಸಂತೋಷಪಟ್ಟವನದು ಮನಸ್ಸು, ಅನುಮೋದಿತ. ನಾಲ್ವರನ್ನೂ "ಭಾಗಿ" ಎಂಬ ಒಂದೇ ಹಣೆಪಟ್ಟಿಯಲ್ಲಿ ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು. ರೇಡಿಯೊ ಮತ್ತು ಪತ್ರಿಕೆ ನಡೆಸಿದ ಮೂವರನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಅಪರಾಧಿಗಳೆಂದು ಹೇಳಿತು.

ಪ್ರೇರಕದ ತೀವ್ರತೆಗೂ ನಾಲ್ಕು ದರ್ಜೆ ಇವೆ. ಕ್ರೋಧಕ್ಕೆ ಕೊಡುವ ದೃಷ್ಟಾಂತದಲ್ಲಿ ಅವು ಕಲ್ಲಿನ, ನೆಲದ, ಮರಳಿನ, ನೀರಿನ ಮೇಲಿನ ಗೆರೆಗಳು. ಅಲ್ಲಿ ಮುಖ್ಯವಾಗುವುದು ಕೋಪ ಎಷ್ಟು ಜೋರಾಗಿತ್ತು ಎಂಬುದಲ್ಲ, ಎಷ್ಟು ಕಾಲ ಅಳಿಸದೆ ಉಳಿಯಿತು ಎಂಬುದು. ಕ್ಷಣದ ಸಿಟ್ಟಿನ ಕೊಲೆಗೂ ಹತ್ತು ವರ್ಷ ಕಾದು ಮಾಡಿದ ಕೊಲೆಗೂ ನಡುವಿನ ಅಂತರ ಹಿಡಿಯಲು ಇದು ಬೇಕೇ ಬೇಕು.

ಫಲವಿಲ್ಲದ ಸಂಕಲ್ಪದ ತೂಕ ಎಷ್ಟು ಎಂಬುದಕ್ಕೆ ಜನ್ನನ ಯಶೋಧರ ಚರಿತೆಗಿಂತ ತೀಕ್ಷ್ಣವಾದ ಉದಾಹರಣೆ ನನಗೆ ಕಾಣದು. ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ. ಜೀವಹಾನಿ ಸೊನ್ನೆ. ಆದರೂ ಕತ್ತಿ ಎತ್ತಿದ ಮಗ, ಎತ್ತಿಸಿದ ತಾಯಿ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ.

ಮಾರುತ್ತರ

ಹಿಟ್ಟಿನ ಕೋಳಿಗೂ ಜೀವದ ಕೋಳಿಗೂ ಫಲ ಒಂದೇ ಆದರೆ, ಬದುಕಿ ಉಳಿದವನಿಗೂ ಸತ್ತವನಿಗೂ ವ್ಯತ್ಯಾಸವಿಲ್ಲ ಎಂದಾಗುತ್ತದೆ. ಗುರಿ ತಪ್ಪಿದ ಗುಂಡಿಗೂ ತಗುಲಿದ ಗುಂಡಿಗೂ ಒಂದೇ ತೂಕ ಕೊಡಲು ಯಾವ ನ್ಯಾಯಾಲಯವೂ ಸುಲಭವಾಗಿ ಒಪ್ಪದು.

ಸಮ್ಯಕ್

ಅದಕ್ಕೇ ಅಂಕಣಗಳು ಬೇರೆ ಇರಬೇಕು. ಗುರಿ ತಪ್ಪಿದವನಿಗೆ ಹಾನಿಯಲ್ಲಿ ಸೊನ್ನೆ, ಮನಃಸ್ಥಿತಿಯಲ್ಲಿ ಪೂರ್ಣ ಅಂಕ. ಗಾಳಿ ಯಾವ ಕಡೆ ಬೀಸಿತು ಎಂಬುದು ಅವನ ಗುಣವಲ್ಲ. ನೊಂದವರಿಗೆ ಏನು ಸಲ್ಲಬೇಕು ಎಂದು ಕೇಳುವಾಗ ಹಾನಿಯ ಅಂಕಣ ಓದಿ, ಮಾಡಿದವನು ಎಂಥವನು ಎಂದು ಕೇಳುವಾಗ ಮನಃಸ್ಥಿತಿಯದನ್ನು.

ಕಟಕಟೆ

ಮನಃಸ್ಥಿತಿಯ ಪಕ್ಕದಲ್ಲೇ ಇನ್ನೊಂದು ಅಂಕಣ ಬೇಕು: ಆಯ್ಕೆ. "ಬೇರೆ ದಾರಿ ಇರಲಿಲ್ಲ" ಎನ್ನದ ಆರೋಪಿಯೇ ಇಲ್ಲ, ಆ ಮಾತನ್ನು ಪರೀಕ್ಷಿಸಬಹುದು. ಹೊರಬರುವ ಬಾಗಿಲು ಇತ್ತೇ? ಇದ್ದರೆ ಅದರ ಬೆಲೆ ಏನು: ಪ್ರಾಣವೋ, ಬಡ್ತಿಯೋ, ಜೊತೆಗಾರರ ತಿರಸ್ಕಾರವೋ? ಅದೇ ಜಾಗದಲ್ಲಿದ್ದ ಬೇರೆ ಯಾರಾದರೂ ಹೊರಬಂದರೇ?

1942ರ ಜುಲೈ 13, ಪೋಲೆಂಡಿನ ಯೂಜೆಫೂಫ್. ಜರ್ಮನಿಯ 101ನೇ ಮೀಸಲು ಪೊಲೀಸ್ ದಳದ ಸುಮಾರು 500 ಮಂದಿಗೆ ಅವರ ಮೇಜರ್ ಟ್ರಾಪ್, ಊರಿನ ಯೆಹೂದ್ಯರನ್ನು ಕೊಲ್ಲಬೇಕೆಂದು ಹೇಳಿ, ಈ ಕೆಲಸ ಆಗದು ಎನ್ನುವವರು ಮುಂದೆ ಬರಬಹುದು ಎಂದ. ಬಂದವರು ಹನ್ನೆರಡರಷ್ಟು. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಸಂಜೆಯೊಳಗೆ ಸತ್ತವರು ಸುಮಾರು 1,500. ಬಾಗಿಲು ಇತ್ತು, ಬೆಲೆ ತೀರ ಕಡಿಮೆ, ದಾಟಿದವರೂ ಕಣ್ಣೆದುರಿಗೇ ಇದ್ದರು. ಉಳಿದವರ ಆಯ್ಕೆಯ ಅಂಕಣ ತುಂಬಿಕೊಳ್ಳುತ್ತದೆ.

ಇದರ ಎದುರಿಗೆ ಬೋಸ್ನಿಯಾದ ಸರ್ಬ್ ಸೇನೆಯ ಸೈನಿಕ ದ್ರಾಜೆನ್ ಎರ್ದೆಮೊವಿಚ್. 1995ರ ಜುಲೈ 16, ಸ್ರೆಬ್ರೆನಿತ್ಸಾದಲ್ಲಿ ಸೆರೆಸಿಕ್ಕವರನ್ನು ತಂದು ಕೊಂದ ಬ್ರಾನ್ಯೆವೊ ಹೊಲ. ಮೊದಲು ಒಲ್ಲೆ ಎಂದಾಗ "ಅವರ ಸಾಲಿನಲ್ಲಿ ನೀನೂ ನಿಲ್ಲು" ಎಂಬ ಅರ್ಥದ ಬೆದರಿಕೆ ಬಂತು, ಆಮೇಲೆ ಅವನು ಗುಂಡು ಹಾರಿಸಿದ. ತಾನೇ ಕೊಂದವರು 70ರಷ್ಟು ಇರಬಹುದು ಎಂದ. ಪ್ರಾಣಭಯ ಅಮಾಯಕರ ಕೊಲೆಗೆ ಪೂರ್ಣ ಸಮರ್ಥನೆ ಆಗದು ಎಂದು 1997ರಲ್ಲಿ ಯುಗೊಸ್ಲಾವಿಯಾ ಕುರಿತ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮೇಲ್ಮನವಿ ಪೀಠ 3-2ರಲ್ಲಿ ಹೇಳಿತು. ಶಿಕ್ಷೆ ಮಾತ್ರ ಹತ್ತು ವರ್ಷದಿಂದ ಐದಕ್ಕೆ ಇಳಿಯಿತು. ತಪ್ಪು ತಪ್ಪಾಗಿಯೇ ಉಳಿದು, ತೂಕ ಇಳಿಯುವುದೆಂದರೆ ಹೀಗೆ.

ಮನೋಲಿಪಿ

"ಆ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು" ಎನ್ನಲು ಮಿಲ್ಗ್ರಾಮ್ ಪ್ರಯೋಗವನ್ನು ಎಳೆತರುವವರಿಗೆ ಒಂದು ಮಾತು. ಮೇಲಿನವನ ಆದೇಶದಂತೆ ಇನ್ನೊಬ್ಬನಿಗೆ ವಿದ್ಯುದಾಘಾತ ಕೊಡುತ್ತಿದ್ದೇವೆಂದು ಜನರನ್ನು ನಂಬಿಸಿದ ಪ್ರಯೋಗ ಅದು. 40ರಲ್ಲಿ 26 ಜನ 450 ವೋಲ್ಟ್‌ವರೆಗೆ ಹೋದರು ಎಂಬುದಷ್ಟೇ ಎಲ್ಲರಿಗೂ ನೆನಪಿದೆ. ಉಳಿದ ಆವೃತ್ತಿಗಳನ್ನೂ ಓದಬೇಕು. ಆದೇಶ ಫೋನಿನಲ್ಲಿ ಬಂದಾಗ ಕೊನೆಮುಟ್ಟಿದವರು ಐದರಲ್ಲಿ ಒಬ್ಬರಷ್ಟು. ಜೊತೆಗಿದ್ದ ಇಬ್ಬರು ಒಲ್ಲೆ ಎಂದಾಗ 40ರಲ್ಲಿ 4. ಅಂದರೆ ಸನ್ನಿವೇಶದ ಒತ್ತಡ ನಿಜ, ಅದು ಎಲ್ಲೆಡೆ ಒಂದೇ ಅಲ್ಲ. ತೂಗುವಾಗ ಆದೇಶ ಕೊಟ್ಟವನು ಎಷ್ಟು ಹತ್ತಿರವಿದ್ದ, ಒಲ್ಲೆ ಎಂದವರು ಕಣ್ಣಿಗೆ ಬಿದ್ದಿದ್ದರೇ ಎಂಬೆರಡನ್ನು ಬರೆದುಕೊಳ್ಳಿ.

ತಕ್ಕಡಿ

ಪಾತ್ರದ ಬಗ್ಗೆ ಇನ್ನೂ ಗೊಂದಲ. ಮಾಡಿಸಿದವನು, ಮಾಡಿದವನು ಇಬ್ಬರಲ್ಲಿ ಸಾಮಾನ್ಯವಾಗಿ ಯಾರು ಹೆಚ್ಚು?

ಕಟಕಟೆ

1961ರಲ್ಲಿ, ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡ ನಾಜಿ ಅಧಿಕಾರಿ ಐಕ್‌ಮನ್ ಪ್ರಕರಣದಲ್ಲಿ ಜೆರುಸಲೇಮಿನ ನ್ಯಾಯಾಲಯ ಇದಕ್ಕೆ ನೇರ ಉತ್ತರ ಕೊಟ್ಟಿತು: ಇಂಥ ಸಂಘಟಿತ ಅಪರಾಧದಲ್ಲಿ ಕೊಲ್ಲುವ ಆಯುಧ ಹಿಡಿದ ಕೈಯಿಂದ ದೂರ ಹೋದಷ್ಟೂ ಹೊಣೆ ಏರುತ್ತದೆ. ಒಪ್ಪುತ್ತೇನೆ, ಒಂದು ಷರತ್ತಿನೊಡನೆ. ದೂರವೇ ಹೊಣೆಯಲ್ಲ. ದೂರ ಇದ್ದು, ಇಡೀ ಯಂತ್ರ ಕಣ್ಣಿಗೆ ಕಾಣುತ್ತಿದ್ದು, ನಿಲ್ಲಿಸುವ ಶಕ್ತಿ ಇದ್ದಾಗ ಹೊಣೆ ಏರುತ್ತದೆ. ಟೈಪಿಸ್ಟನೂ ದೂರವೇ ಇದ್ದ.

ಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನ ಎರಡು ಜೋಡಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ಮೊದಲನೆಯದು ಸ್ಟ್ರೈಖರ್ ಮತ್ತು ಫ್ರಿಟ್ಷ. ಇಬ್ಬರೂ ಪ್ರಚಾರದವರು, ಇಬ್ಬರೂ ಕೈಯಾರೆ ಕೊಲ್ಲಲಿಲ್ಲ. 1923ರಿಂದ ಯೆಹೂದ್ಯ ದ್ವೇಷವನ್ನೇ ಅಚ್ಚು ಹಾಕಿದ ಸ್ಟ್ರೈಖರ್‌ಗೆ ಗಲ್ಲು. ನಿರ್ನಾಮ ನಡೆಯುತ್ತಿದೆ ಎಂಬ ಸುದ್ದಿ ಬಂದ ಮೇಲೂ ನಿರ್ನಾಮಕ್ಕೆ ಕರೆ ಕೊಟ್ಟಿದ್ದ ಎಂಬುದು ನಿರ್ಣಾಯಕವಾಯಿತು. ರೇಡಿಯೊದ ಫ್ರಿಟ್ಷ ಬಿಡುಗಡೆಯಾದ. ದೌರ್ಜನ್ಯಕ್ಕೆ ಪ್ರಚೋದಿಸುವ ಉದ್ದೇಶ ಸಾಬೀತಾಗಲಿಲ್ಲ ಎಂದರು, ಸೋವಿಯತ್ ನ್ಯಾಯಾಧೀಶರು ಒಪ್ಪಲಿಲ್ಲ. ಇಲ್ಲಿ ಮನಃಸ್ಥಿತಿಯ ಅಂಕಣ ಕೆಲಸ ಮಾಡಿದೆ.

ಎರಡನೆಯ ಜೋಡಿ ಝೌಕಲ್ ಮತ್ತು ಷ್ಪೇರ್. ಆಕ್ರಮಿತ ದೇಶಗಳಿಂದ ಐವತ್ತು ಲಕ್ಷ ಜನರನ್ನು ದುಡಿಮೆಗೆ ಸಾಗಿಸಿದ ವ್ಯವಸ್ಥೆಯ ಮುಖ್ಯಸ್ಥ ಝೌಕಲ್. ಆ ಕೈಗಳನ್ನು ಕೇಳಿದವನು, ಪಡೆದವನು, ಅವರು ಬಲವಂತಕ್ಕೆ ಬಂದವರೆಂದು ಬಲ್ಲವನು ಶಸ್ತ್ರಾಸ್ತ್ರ ಮಂತ್ರಿ ಷ್ಪೇರ್. ಝೌಕಲ್‌ಗೆ ಗಲ್ಲು, ಷ್ಪೇರ್‌ಗೆ 20 ವರ್ಷ. ಯುದ್ಧದ ಕೊನೆಗೆ ಹಿಟ್ಲರನ ಸರ್ವನಾಶದ ಆದೇಶವನ್ನು ಎದುರಿಸಿದ್ದು ಷ್ಪೇರ್ ಪರವಾಗಿ ಲೆಕ್ಕಕ್ಕೆ ಬಂತು, ಅದು ನ್ಯಾಯವೇ. ಆದರೆ ವಿದ್ಯಾವಂತ ನಡವಳಿಕೆ, ಅಳೆದು ಒಪ್ಪಿಕೊಂಡ "ಸಾಮೂಹಿಕ ಹೊಣೆ", ಯೆಹೂದ್ಯರ ಕೊಲೆ ಗೊತ್ತೇ ಇರಲಿಲ್ಲ ಎಂಬ ಮಾತು ಅವನ ಚಿತ್ರವನ್ನು ದಶಕಗಳ ಕಾಲ ತಿದ್ದಿಟ್ಟವು. 1943ರ ಅಕ್ಟೋಬರ್ 6ರಂದು ಪೋಸೆನ್‌ನಲ್ಲಿ ನಾಜಿ ಪೊಲೀಸ್ ಪಡೆಗಳ ಮುಖ್ಯಸ್ಥ ಹಿಮ್ಲರ್ ಯೆಹೂದ್ಯರೆಲ್ಲರನ್ನೂ ಕೊಲ್ಲುವ ಬಗ್ಗೆ ಆಡಿದ ಭಾಷಣಕ್ಕೆ ತಾನು ಹಾಜರಿದ್ದೆ ಎಂದು 1971ರ ಖಾಸಗಿ ಪತ್ರದಲ್ಲಿ ಅವನೇ ಬರೆದಿದ್ದ. ಅದು ಹೊರಬಂದದ್ದು 2007ರಲ್ಲಿ. ಮಾತು ಬಲ್ಲ ಕೇಡಿಗನ ತೂಕವನ್ನು ನಾವು ಯಾವಾಗಲೂ ಕಡಿಮೆಯೇ ಅಂದಾಜು ಮಾಡುತ್ತೇವೆ. ಇಂಥ ಜೋಡಿ ಎದುರಾದಾಗ ಇಬ್ಬರ ಭಾಷಣ, ನೆನಪಿನ ಬರಹ ತೆಗೆದಿಟ್ಟು ಆ ಕಾಲದ ಕಡತಗಳನ್ನಷ್ಟೇ ಇಟ್ಟುಕೊಂಡು ತೂಗಿ.

ಮಾರುತ್ತರ

ಹಾಗಾದರೆ ಪಶ್ಚಾತ್ತಾಪಕ್ಕೆ ಬೆಲೆಯೇ ಇಲ್ಲವೇ?

ಮನೋಲಿಪಿ

ಇದೆ, ಪ್ರತ್ಯೇಕ ಅಂಕಣದಲ್ಲಿ. ಅದು ಹಿಂದಕ್ಕೆ ಹೋಗಿ ಕೃತ್ಯವನ್ನು ಬದಲಿಸದು. ಪರೀಕ್ಷೆಗಳು ಸರಳ: ಸಿಕ್ಕಿಬೀಳುವ ಮುಂಚೆ ಹೇಳಿದನೇ? ಹೇಳಿದ್ದರಿಂದ ಅವನಿಗೆ ನಷ್ಟವಾಯಿತೇ? "ತಪ್ಪುಗಳು ಆದವು" ಎಂದನೇ, "ಇಂಥವರನ್ನು ಇಂಥ ದಿನ ಕೊಂದೆ" ಎಂದನೇ? ಎರ್ದೆಮೊವಿಚ್ ಬಾಯಿಬಿಡುವ ತನಕ ಬ್ರಾನ್ಯೆವೊದ ಕೊಲೆಗಳು ತನಿಖೆಯವರಿಗೇ ಗೊತ್ತಿರಲಿಲ್ಲ. ಎಸ್-21ರ ಮುಖ್ಯಸ್ಥ ಡುಚ್ ನ್ಯಾಯಾಲಯದಲ್ಲಿ ಅತ್ತ, ಕ್ಷಮೆ ಕೇಳಿದ, 2009ರ ಕೊನೆಯ ಹೇಳಿಕೆಯಲ್ಲಿ ತನ್ನನ್ನು ಬಿಡುಗಡೆ ಮಾಡಿ ಎಂದ. 2010ರಲ್ಲಿ 35 ವರ್ಷ ಶಿಕ್ಷೆ ಬಿತ್ತು, 2012ರಲ್ಲಿ ಮೇಲ್ಮನವಿ ಪೀಠ ಅದನ್ನು ಜೀವಾವಧಿಗೆ ಏರಿಸಿತು.

ಹಳೆಕಡತ

ಇಲ್ಲಿಯವರೆಗಿನದನ್ನು ಕಾಗದದ ಮೇಲೆ ಇಳಿಸುವ ರೀತಿ ಹೇಳುತ್ತೇನೆ. ಅಂಕಣ ಐದು: ಹಾನಿ, ಮನಃಸ್ಥಿತಿ, ಆಯ್ಕೆ, ಪಾತ್ರ, ನಂತರದ ನಡತೆ. ಪ್ರತಿಯೊಂದಕ್ಕೂ 0ರಿಂದ 3, ಹೆಚ್ಚು ಅಂಕ ಎಂದರೆ ಹೆಚ್ಚು ಕೇಡು. ಅಂಕದ ಪಕ್ಕದಲ್ಲಿ ಒಂದು ಸಾಲು ಸಾಕ್ಷ್ಯ ಇಲ್ಲದಿದ್ದರೆ ಅಂಕ ಹಾಕುವಂತಿಲ್ಲ. ಇಬ್ಬರು ಬೇರೆ ಬೇರೆ ಕೂತು ತುಂಬಬೇಕು. ಎರಡಕ್ಕಿಂತ ಹೆಚ್ಚು ಅಂತರ ಬಂದ ಅಂಕಣಕ್ಕೆ ಮತ್ತೆ ಸಾಕ್ಷ್ಯ ಹುಡುಕಬೇಕು. ಸಾಧ್ಯವಾದರೆ ಹೆಸರು, ದೇಶ, ಧರ್ಮ ಅಳಿಸಿದ ವಿವರಣೆಯನ್ನು ಮೂರನೆಯವರಿಂದ ಬರೆಸಿ. ಅದರ ಮೇಲೆ ಕೊಟ್ಟ ಅಂಕಕ್ಕೂ ಹೆಸರಿದ್ದಾಗಿನ ಅಂಕಕ್ಕೂ ಇರುವ ಅಂತರ ನಮ್ಮ ಪಕ್ಷಪಾತದ ಅಳತೆ.

ಕೂಡಬೇಡಿ. ಮೊತ್ತ ಬಂತೆಂದರೆ ಐದು ಅಂಕಣ ಮಾಡಿದ್ದು ದಂಡ, ಮತ್ತೆ ಒಂದೇ ಏಣಿ. ಬದಲಿಗೆ ಸಾಲುಗಳನ್ನು ಪಕ್ಕಪಕ್ಕ ಇಡಿ. ಡುಚ್ ಮತ್ತು ಎರ್ದೆಮೊವಿಚ್: ಹಾನಿಯಲ್ಲಿ ಡುಚ್ ಹೆಚ್ಚು ಕೆಟ್ಟವನು. ಮನಃಸ್ಥಿತಿಯಲ್ಲೂ ಅವನೇ, ಏಕೆಂದರೆ ತಪ್ಪೊಪ್ಪಿಗೆಗಳ ಮೇಲೆ ಸ್ವಂತ ಕೈಯಲ್ಲಿ ಟಿಪ್ಪಣಿ ಬರೆದು ವರ್ಷಗಟ್ಟಲೆ ನಡೆಸಿದ. ಆಯ್ಕೆಯಲ್ಲಿ ಇಬ್ಬರಿಗೂ ಪ್ರಾಣಭಯವಿತ್ತು, ಆದರೆ ಯೋಚಿಸಲು ಎರ್ದೆಮೊವಿಚ್‌ಗೆ ನಿಮಿಷಗಳು, ಡುಚ್‌ಗೆ ವರ್ಷಗಳು. ಪಾತ್ರದಲ್ಲಿ ಹೋಲಿಕೆಯೇ ಇಲ್ಲ, ಡುಚ್ ಮಾಡಿಸಿದವನು. ನಂತರದ ನಡತೆಯಲ್ಲೂ ಡುಚ್ ಹೆಚ್ಚು ಕೆಟ್ಟವನು. ಐದರಲ್ಲೂ ಒಬ್ಬನೇ ಕೆಟ್ಟರೆ ನಿಸ್ಸಂಕೋಚವಾಗಿ ಹೇಳಬಹುದು. ಸಾಲುಗಳು ಒಂದನ್ನೊಂದು ಕತ್ತರಿಸಿದರೆ "ಹಾನಿಯಲ್ಲಿ ಇವನು, ಆಯ್ಕೆಯಲ್ಲಿ ಅವನು" ಎಂದು ಹಾಗೆಯೇ ಬರೆದು ನಿಲ್ಲಿಸಿ. ತೀರ್ಮಾನ ಬೇಕೇ ಬೇಕೆಂದಾದರೆ ಯಾವ ಅಂಕಣಕ್ಕೆ ಮೊದಲ ಮಣೆ ಎಂದು ಅಂಕ ಹಾಕುವ ಮುನ್ನವೇ ಬರೆದಿಡಬೇಕು. ನನ್ನ ಮಟ್ಟಿಗೆ ಆಯ್ಕೆ ಮತ್ತು ಮನಃಸ್ಥಿತಿ ಮೊದಲು, ಅವೆರಡೇ ಪೂರ್ತಿ ಅವನವು.

ತಕ್ಕಡಿ

ಒಂದು ಕೊನೆಯ ತೊಡಕು. ಗುಲಾಮಗಿರಿಯಂಥ ವ್ಯವಸ್ಥೆಯೊಳಗೇ ಹುಟ್ಟಿದವರನ್ನು ಹೇಗೆ ತೂಗುವುದು? "ಆ ಕಾಲ ಹಾಗಿತ್ತು" ಎನ್ನುತ್ತಾರಲ್ಲ.

ಹಳೆಕಡತ

ಆ ಕಾಲದಲ್ಲಿ ಯಾರೂ ಆಕ್ಷೇಪಿಸಲಿಲ್ಲವೇ ಎಂದು ನೋಡಿ. ಅಟ್ಲಾಂಟಿಕ್ ಸಾಗರದ ಮೇಲೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗು ಹತ್ತಿಸಿದರು, ಇಳಿದವರು 1 ಕೋಟಿ 7 ಲಕ್ಷದಷ್ಟು. "ಆ ಕಾಲ" ಎನ್ನುವಾಗ ಹಡಗಿನ ತಳದಲ್ಲಿದ್ದವರ ಅಭಿಪ್ರಾಯವನ್ನು ಕಾಲದೊಳಗೆ ಸೇರಿಸಿರುವುದೇ ಇಲ್ಲ. 1781ರಲ್ಲಿ ಝಾಂಗ್ ಹಡಗಿನಿಂದ 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದು, ತಲೆಗೆ 30 ಪೌಂಡಿನಂತೆ ವಿಮೆ ಕೇಳಿದರು. ಅದು 1783ರಲ್ಲಿ ಲಂಡನ್ನಿನ ನ್ಯಾಯಾಲಯಕ್ಕೆ ಬಂತು, ಕೊಲೆಯಾಗಿ ಅಲ್ಲ, ವಿಮೆಯ ತಕರಾರಾಗಿ. ಅದನ್ನು ಕೊಲೆ ಎಂದು ಆಗಲೇ ಕರೆದವರಿದ್ದರು. ವ್ಯವಸ್ಥೆಯೊಳಗೆ ಸುಮ್ಮನೆ ಬದುಕಿದವನು ಅನುಮೋದಿತ. ಆಕ್ಷೇಪ ಕೇಳಿದ ಮೇಲೂ ವ್ಯಾಪಾರ ಹಿಗ್ಗಿಸಿದವನು ಬೇರೆ ದರ್ಜೆ.

ಕಾಂಗೋದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಎರಡನೇ ಲಿಯೊಪೋಲ್ಡ್ 1885ರಿಂದ 1908ರವರೆಗೆ ಅದರ ಒಡೆಯ, ಒಮ್ಮೆಯೂ ಅಲ್ಲಿಗೆ ಕಾಲಿಡಲಿಲ್ಲ. 1904ರಲ್ಲಿ ಬ್ರಿಟಿಷ್ ಕಾನ್ಸಲ್ ಕೇಸ್‌ಮೆಂಟ್‌ನ ವರದಿ ಪ್ರಕಟವಾಯಿತು. ರಾಜನೇ ನೇಮಿಸಬೇಕಾಗಿ ಬಂದ ತನಿಖಾ ಆಯೋಗವೂ ಅದರ ಮುಖ್ಯ ಆರೋಪಗಳನ್ನು ಎತ್ತಿಹಿಡಿಯಿತು. 1908ರಲ್ಲಿ ಆಡಳಿತ ಕೈಬಿಡುವ ಮುನ್ನ ಅವನು ಕಡತಗಳನ್ನು ಸುಡಿಸಿದ. ಆಯ್ಕೆ 3, ಪಾತ್ರ 3, ವರದಿಯ ನಂತರದ ಮನಃಸ್ಥಿತಿ 3. ಕೈ ಕತ್ತರಿಸಿ ತಂದು ಗುಂಡಿನ ಲೆಕ್ಕ ಒಪ್ಪಿಸಿದ ಸೈನಿಕನ ಹಾನಿಯ ಸಾಲು ಭಯಂಕರವಾಗಿಯೇ ಇರುತ್ತದೆ. ಆಯ್ಕೆಯ ಅಂಕಣ ಕಷ್ಟ: ಅವರಲ್ಲಿ ಎಷ್ಟೋ ಜನ ಬಲವಂತವಾಗಿ ಸೇರಿಸಲ್ಪಟ್ಟವರು, ಗುಂಡಿಗೊಂದು ಕೈ ತೋರಿಸದಿದ್ದರೆ ದಂಡನೆ.

ಕಟಕಟೆ

ಆ ಸೈನಿಕನ ಆಯ್ಕೆಯ ಅಂಕಣದಲ್ಲಿ ಸೊನ್ನೆ ಹಾಕಬೇಡಿ, "ಸಾಕ್ಷ್ಯ ಇಲ್ಲ" ಎಂದು ಬರೆಯಿರಿ. ಸೊನ್ನೆ ಎಂದರೆ ಅವನಿಗೆ ಆಯ್ಕೆಯೇ ಇರಲಿಲ್ಲ ಎಂಬ ತೀರ್ಪು. ಅವನ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ, ಅವನ ಪಡೆಯಲ್ಲಿ ಒಲ್ಲೆ ಎಂದವನಿಗೆ ಏನಾಯಿತು ಎಂಬ ಕಡತವೂ ನಮ್ಮ ಕೈಯಲ್ಲಿಲ್ಲ. ಖಾಲಿ ಅಂಕಣ ಇರುವ ಸಾಲನ್ನು ತುಂಬಿದ ಸಾಲಿನೊಂದಿಗೆ ಹೋಲಿಸುವಾಗ ಆ ಅಂಕಣವನ್ನು ಇಬ್ಬರಲ್ಲೂ ಬಿಟ್ಟು, ಉಳಿದ ನಾಲ್ಕರಲ್ಲಿ ಮಾತ್ರ ಹೋಲಿಸಿ, ಬಿಟ್ಟದ್ದನ್ನು ಕೆಳಗೆ ಬರೆದಿಡಿ.